ಆಲ್ಜೀಬ್ರಾ ಮತ್ತೆ ಶುರು, ಮೂರನೇ ವಾರ: ಆಟೋ ಮೀಟ್ರು, ಬೇಲದ ಹಣ್ಣು

ಈ ವಾರ ಕೂತಿದ್ದು ನಾಲ್ಕೇ ದಿನ, ಆಫೀಸಲ್ಲಿ ಕ್ವಾರ್ಟರ್ ಎಂಡ್ ಗಲಾಟೆ. ಆದ್ರೂ ಸ್ಕೂಲಿಂದ ತಲೇಲಿ ತಪ್ಪಾಗಿ ಕೂತಿದ್ದ ಒಂದು ವಿಷ್ಯ ಸರಿಹೋಯ್ತು. ಆಗ ನಾವು ಬಾಯಿಪಾಠ ಮಾಡಿದ್ದು "ಸಮ ಚಿಹ್ನೆ (=) ದಾಟಿ ಆ ಕಡೆ ಹೋದ್ರೆ ಪ್ಲಸ್ಸು ಮೈನಸ್ಸಾಗುತ್ತೆ" ಅಂತ, ಯಾಕೆ ಅಂತ ನಾನೂ ಕೇಳ್ಲಿಲ್ಲ. ಯಾವ್ದೂ ಎಲ್ಲಿಗೂ ಹೋಗಲ್ಲ, ಎರಡೂ ಕಡೆಯಿಂದ ಒಂದೇ ಸಂಖ್ಯೆ ಕಳೀತೀವಿ ಅಷ್ಟೇ.

ಪುಸ್ತಕದ ಲೆಕ್ಕ ಬೋರಾಗಿ ಆಟೋ ಮೀಟ್ರು ಹಿಡ್ಕೊಂಡೆ. 2025ರ ಆಗಸ್ಟಿಂದ ನಮ್ಮೂರಲ್ಲಿ ಮೊದಲ 2 ಕಿಮೀಗೆ 36 ರೂಪಾಯಿ, ಆಮೇಲೆ ಕಿಮೀಗೆ 18. ಗಾಂಧಿ ಬಜಾರಿಂದ ಯಶವಂತಪುರಕ್ಕೆ 198 ಆಯ್ತು (ಹೌದು, ಮೀಟ್ರು ಹಾಕಿದ್ರು, ನಂಬಿ). ದೂರನ ಕ ಅಂತ ಇಟ್ಕೊಂಡೆ:

36 + 18(ಕ − 2) = 198

ಮೊದಲ ಸಲ ಬ್ರಾಕೆಟ್ ಬಿಡಿಸುವಾಗ ಕ ಒಂದನ್ನೇ 18ರಿಂದ ಗುಣಿಸಿ ಆ 2ನ ಹಾಗೇ ಬಿಟ್ಬಿಟ್ಟೆ, 18ಕ + 34 ಆಗಿ 9.1 ಕಿಮೀ ಬಂತು, ಮ್ಯಾಪ್ ನೋಡಿದ್ರೆ 11, ಅಯ್ಯೋ ಪಾಪ ಡ್ರೈವರ್‌ಗೆ ಲಾಸ್ ಆಯ್ತಲ್ಲ ಅಂತ ಒಂದು ಗಂಟೆ ಬೇಜಾರು ಮಾಡ್ಕೊಂಡಿದ್ದೆ. ಸರಿಯಾಗಿ ಬಿಡಿಸಿದ್ರೆ 36 + 18ಕ − 36, ಎರಡೂ 36 ಹೊಡೆದುಹೋಗಿ 18ಕ = 198, ಕ = 11. ಅಂದ್ರೆ 2 ಕಿಮೀ ದಾಟಿದ್ರೆ ಮಿನಿಮಮ್ ಅನ್ನೋದು ಲೆಕ್ಕಕ್ಕೇ ಬರಲ್ಲ, ದೂರ ಇಂಟು 18, ಮುಗೀತು! ಹಿಂದೆ 30, 15 ಇದ್ದಾಗ್ಲೂ ಇದೇ ಕಥೆ, ಅಷ್ಟು ವರ್ಷ ಓಡಾಡಿ ಗೊತ್ತೇ ಇರ್ಲಿಲ್ಲ.

ಎರಡು ಅಜ್ಞಾತ ಇರೋದಕ್ಕೆ ನಮ್ಮವರದ್ದೇ ಲೆಕ್ಕ ಸಿಕ್ತು. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿದೆ: 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ 107, 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು? (ಬೇಲದ ಹಣ್ಣಿನ ಪಾನಕ ಕುಡಿದವರಿಗೆ ಈ ಲೆಕ್ಕ ಸ್ವಲ್ಪ ಬೇಗ ಬರುತ್ತೆ ಅಂತ ನನ್ನ ನಂಬಿಕೆ.)

ಮೊದಲನೇದನ್ನ 9ರಿಂದ, ಎರಡನೇದನ್ನ 7ರಿಂದ ಗುಣಿಸಿದೆ, ಎರಡರಲ್ಲೂ 63 ಬೇಲ ಬಂತು, ಒಂದರಲ್ಲೊಂದು ಕಳೆದ್ರೆ 32 ಮಾದಲಕ್ಕೆ 256, ಅಂದ್ರೆ ಒಂದಕ್ಕೆ 8, ಬೇಲಕ್ಕೆ 5. ಆಮೇಲೆ ಕಾಫಿ ಕುಡೀತಾ ಹೊಳೀತು, 9 ಮತ್ತು 7 ಅದಲುಬದಲಾಗಿದೆಯಷ್ಟೇ! ಎರಡನ್ನೂ ಕೂಡಿದ್ರೆ 16 ಜೊತೆಗೆ (ಒಂದು ಮಾದಲ, ಒಂದು ಬೇಲ) 208, ಒಂದು ಜೊತೆಗೆ 13. ಕಳೆದ್ರೆ 2 ಮಾದಲಕ್ಕೂ 2 ಬೇಲಕ್ಕೂ ಬೆಲೆ ವ್ಯತ್ಯಾಸ 6, ಅಂದ್ರೆ ಒಂದೊಂದಕ್ಕೆ 3. ಕೂಡಿದ್ರೆ 13, ಕಳೆದ್ರೆ 3 ಬರೋದು 8, 5. ಬಾಯಲ್ಲೇ ಆಗೋ ಲೆಕ್ಕಕ್ಕೆ ಅರ್ಧ ಪುಟ ಹಾಳು ಮಾಡಿದ್ದೆ.

ಆ ಜೋಶಲ್ಲಿ ದರ್ಶಿನಿ ಬಿಲ್ಲು ತಗೊಂಡೆ. ಸೋಮವಾರ 2 ಇಡ್ಲಿ 1 ಕಾಫಿ 60, ಮಂಗಳವಾರ ಫ್ರೆಂಡ್ ಜೊತೆ 4 ಇಡ್ಲಿ 2 ಕಾಫಿ 120. ಕಳೀತಾ ಹೋದ್ರೆ 0 = 0 ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ, ಯಾಕಂದ್ರೆ ಎರಡನೇ ಬಿಲ್ಲು ಮೊದಲನೇದರ ಡಬಲ್, ಹೊಸದಾಗಿ ಏನೂ ಹೇಳ್ತಾನೇ ಇಲ್ಲ. ನಾಳೆ 1 ಇಡ್ಲಿ 2 ಕಾಫಿ ತಗೋಬೇಕು ಅಂದೆ. ರೇಟು ಬೋರ್ಡಲ್ಲೇ ಬರ್ದಿರುತ್ತಲ್ಲ ರೀ ಅಂದ್ಲು ಹೆಂಡ್ತಿ.