‘ಸ್ಟಾರ್ಟ್ ಓವರ್’ ಕಾರ್ಡ್ ಕೊನೆಗೂ ಕೂತಿತು

ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ ಕಾರ್ಡ್ ಮಾಡ್ತಿದ್ದೀನಿ: ಮುಂದೆ ಇಂಗ್ಲಿಷ್ ಮಾತು, ಹಿಂದೆ ಕನ್ನಡ ಅರ್ಥ. ಅದರಲ್ಲಿ ಮೂರು ವಾರ ಕಾಡಿದ ‘ಸ್ಟಾರ್ಟ್ ಓವರ್’ ಕಾರ್ಡ್ ನಿನ್ನೆ ಬಗೆಹರಿಯಿತು. ಹಾಳೆ ಕತ್ತರಿಸೋದು, ಮೂಲೆ ದುಂಡಗೆ ಮಾಡೋದು ನಿಮಗೆಲ್ಲ ಗೊತ್ತಿರೋದೇ. ಆದರೆ ಹಾಳೆ ಕೊಟ್ಟವರ ಮೇಲೆ ಸಿಟ್ಟಿದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ ದಪ್ಪ ಹಾಳೆ) ಅಂತ ದುಡ್ಡು ತಗೊಂಡು ತೆಳು ಹಾಳೆ ಕಟ್ಟಿಕೊಟ್ಟಿದ್ದಾರೆ. ಹಿಂದೆ ಬರೆದ ಉತ್ತರ ಮುಂದೆ ಕಾಣುತ್ತದೆ. ಇನ್ನು ಮಕ್ಕಳು ಕಲಿಯೋದೇನು?

ಮೊದಲು ಬರೆದ ಅರ್ಥ ‘ಮತ್ತೆ ಶುರು ಮಾಡು’. ಅಕ್ಕನ ಮಗಳು ಓದಿ ಕೇಳಿದಳು: “ಮಾಮ, ಕರೆಂಟ್ ಬಂದ ಮೇಲೆ ಸಿನಿಮಾ ಮತ್ತೆ ಶುರುವಾಯ್ತು ಅಂತೀವಲ್ಲ, ಅದೂ ಸ್ಟಾರ್ಟ್ ಓವರಾ?”

ಅಲ್ಲ. ಅದು ನಿಂತಲ್ಲಿಂದ ಮುಂದುವರಿದದ್ದು, ರೆಸ್ಯೂಮ್. ನಮ್ಮ ‘ಮತ್ತೆ’ ಎರಡಕ್ಕೂ ನಡೆಯುತ್ತದೆ, ತೊಡಕು ಅಲ್ಲೇ. ‘ಪುನರಾರಂಭ’ ಹಾಕಿ ನೋಡಿದೆ. ರಜೆ ಮುಗಿದು ಶಾಲೆ ಪುನರಾರಂಭ ಆಗುತ್ತೆ, ಅಲ್ವಾ? ಒಂದನೇ ಕ್ಲಾಸಿಂದ ಯಾರೂ ಓದಲ್ಲ. ‘ಓವರ್’ ಅಂದರೆ ‘ಮೇಲೆ’ ಅಂತ ಹಿಡಿದರಂತೂ ದಾರಿಯೇ ಸಿಗಲ್ಲ. ಇಲ್ಲಿ ಅದಕ್ಕೆ ‘ಇನ್ನೊಂದು ಸಲ’ ಅನ್ನೋ ಅರ್ಥ. ಇದು ಹೆಚ್ಚಾಗಿ ಅಮೆರಿಕದವರ ಮಾತು. ಬ್ರಿಟನ್ನಿನವರು ಸಾಮಾನ್ಯವಾಗಿ ‘ಸ್ಟಾರ್ಟ್ ಅಗೇನ್’ ಅನ್ನುತ್ತಾರೆ.

ಬೆಳಕು ಬಿದ್ದದ್ದು ದಾವಣಗೆರೆ ಎಪಿಎಂಸಿಯಲ್ಲಿ. ಹಮಾಲಿ ಅಣ್ಣ ಒಬ್ಬರು ಮೆಕ್ಕೆಜೋಳದ ಚೀಲ ಎಣಿಸುತ್ತಿದ್ದರು. ಮೂವತ್ತೇಳಕ್ಕೆ ಬಂದಾಗ ಯಾರೋ ಕರೆದರು. ಚೀಲದ ಮೇಲಿನ ಕೈ ತೆಗೆಯದೆ ಮಾತಾಡಿ, “ಮೂವತ್ತೆಂಟು” ಅಂತ ಮುಂದುವರಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದರು, ಲೆಕ್ಕ ತಪ್ಪಿತು. ಅಣ್ಣ ಸಾಲಿನ ತುದಿಗೆ ನಡೆದು ಹೋಗಿ, ಮೊದಲ ಚೀಲ ತಟ್ಟಿ, ಒಂದು ಅನ್ನೋ ಬದಲು “ಲಾಭ” ಅಂದರು. ಆಮೇಲೆ ಎರಡು, ಮೂರು.

ಅದೇ ಸ್ಟಾರ್ಟ್ ಓವರ್! ಕಾರ್ಡಿನ ಹಿಂದೆ ಈಗ ‘ಮೊದಲಿಂದ ಶುರು ಮಾಡು’ ಅಂತಿದೆ, ಪಕ್ಕದಲ್ಲಿ ಚೀಲದ ಚಿತ್ರ. ಕೆಳಗೆ ‘ವಿ ಲಾಸ್ಟ್ ಕೌಂಟ್, ಸೋ ವಿ ಸ್ಟಾರ್ಟೆಡ್ ಓವರ್’. ‘ಇಟ್’ ಬಂದರೆ ನಡುವೆ ಕೂರಬೇಕು: ‘ಸ್ಟಾರ್ಟ್ ಇಟ್ ಓವರ್’. ಎಲ್ಲ ಕಳೆದುಕೊಂಡವರು ಬೇರೆ ಊರಿಗೆ ಹೋಗಿ ‘ಸ್ಟಾರ್ಟ್ ಓವರ್’ ಮಾಡಿದರು ಅಂದರೆ ಮಾತ್ರ ಎಣಿಕೆಯ ಅರ್ಥ ಸಾಲದು. ಅದಕ್ಕೆ ಬೇರೆ ಕಾರ್ಡ್: ‘ಹೊಸದಾಗಿ ಬದುಕು ಕಟ್ಟಿಕೊ’.

ಬರೆಯುತ್ತಾ ‘ಓವರ್’ ಬಳಗವೇ ತಲೆಗೆ ಬಂತು. ‘ಟೇಕ್ ಓವರ್’ ಅಂದರೆ ವಹಿಸಿಕೊಳ್ಳೋದು, ‘ಗೆಟ್ ಓವರ್’ ಅಂದರೆ ನೋವಿನಿಂದ ಚೇತರಿಸಿಕೊಳ್ಳೋದು. ಒಂದೇ ದೊಡ್ಡ ಚಾರ್ಟ್ ಮಾಡಬೇಕು. ದಪ್ಪ ಹಾಳೆ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ಹೇಳಿ.