ಮಟಪಕ್ಷಿಯ ಮೇಲೆ ತಪ್ಪು ಹೊರಿಸಿದ್ದೆ

ತೆಂಗಿನ ತೋಟಗಳಿಗೆ ಹೋಗಿ, ಕೀಟ ರೋಗ ನೋಡಿ ಸಲಹೆ ಕೊಡುವುದು ನನ್ನ ಕೆಲಸ. ತಿಪಟೂರು ಕಡೆಗೆ ಬಂದ ಮೊದಲ ವರ್ಷ ಒಂದು ತಪ್ಪು ಮಾಡಿದೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆಲ್ಲ ಅದನ್ನು ಹೇಳುತ್ತಿರುತ್ತೇನೆ.

ರೈತರೊಬ್ಬರು ತೋಟಕ್ಕೆ ಕರೆದರು. "ಸಾರ್, ಈ ಉದ್ದ ಬಾಲದ ಹಕ್ಕಿ ದಿನಾ ಬಂದು ಮರ ಕುಕ್ತಾ ಐತೆ. ಅದಕ್ಕೇ ಸುಳಿ ಬಾಡ್ತಾ ಐತೆ" ಅಂದರು. ಕತ್ತೆತ್ತಿ ನೋಡಿದೆ. ಮಟಪಕ್ಷಿ. ಕಪ್ಪು ತಲೆ, ಇಟ್ಟಿಗೆ ಬಣ್ಣದ ಮೈ, ರೆಕ್ಕೆಯಲ್ಲಿ ಬಿಳಿ ಪಟ್ಟೆ, ತುದಿ ಕಪ್ಪಾದ ಬೂದು ಬಾಲ. ಗರಿಯ ಬುಡಕ್ಕೆ ಕೊಕ್ಕು ಹಾಕಿ ನಾರು ಎಳೆಯುತ್ತಿತ್ತು. ನನಗೆ ಅಷ್ಟೇ ಸಾಕಾಯಿತು. ಹಕ್ಕಿ ಓಡಿಸಿ ಅಂತ ಹೇಳಿ ಬೈಕ್ ಹತ್ತಿದೆ.

ಹದಿನೈದು ದಿನ ಬಿಟ್ಟು ಹೋದಾಗ ಹಕ್ಕಿ ಇರಲಿಲ್ಲ. ಸುಳಿ ಮಾತ್ರ ಮುರಿದು ಜೋತುಬಿದ್ದಿತ್ತು. ಮರ ಕಡಿಸಿ ಸೀಳಿಸಿದೆವು. ಒಳಗೆಲ್ಲ ಕೊಳೆತ ನಾರು, ಹುಳಿ ವಾಸನೆ, ಕಾಲಿಲ್ಲದ ದಪ್ಪ ಹಳದಿ ಮರಿಹುಳುಗಳು. ಕೆಂಪು ಮೂತಿ ಹುಳುವಿನ ಮರಿಗಳು! ಹಕ್ಕಿ ಎಳೆದು ತಿನ್ನುತ್ತಿದ್ದದ್ದು ಇವನ್ನೇ. ಆ ರೈತರು ಒಂದು ಮಾತೂ ಆಡಲಿಲ್ಲ. ಕಡಿದ ಮರದ ಪಕ್ಕದಲ್ಲಿ ಸುಮ್ನೆ ಕೂತರು. ಅದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಈ ಹುಳು ಮರದ ಗಾಯ ಹುಡುಕಿ ಮೊಟ್ಟೆ ಇಡುತ್ತದೆ. ಆ ತೋಟದಲ್ಲಿ ಹಸಿ ಗರಿಗಳನ್ನು ಕಾಂಡಕ್ಕೆ ತಾಗಿಸಿ ಕಡಿದಿದ್ದರು. ಕಡಿಯಲೇಬೇಕಾದರೆ ನಾಲ್ಕು ಅಡಿ ಮಟ್ಟೆ ಬಿಟ್ಟು ಕಡಿಯಬೇಕು. ಕಾಂಡದ ತೂತಿನಿಂದ ಕಂದು ರಸ ಸೋರುತ್ತಿತ್ತು, ಜಗಿದ ನಾರು ಹೊರಗೆ ಬಂದಿತ್ತು. ಕಾಂಡಕ್ಕೆ ಕಿವಿ ಕೊಟ್ಟಿದ್ದರೆ ಮರಿಗಳು ಜಗಿಯುವ ಸದ್ದೂ ಕೇಳುತ್ತಿತ್ತೇನೋ. ನಾನು ಮೇಲೆ ನೋಡಿದೆ, ಕಾಂಡ ನೋಡಲಿಲ್ಲ.

ಆಮೇಲೆ ಈ ಹಕ್ಕಿಯ ಬೆನ್ನು ಬಿದ್ದೆ. ಕಾಗೆಯ ಕುಟುಂಬದ್ದು ಇದು. 46ರಿಂದ 50 ಸೆಂ.ಮೀ. ಉದ್ದ, ಅದರಲ್ಲಿ ಅರ್ಧದಷ್ಟು ಬಾಲವೇ. ಹಣ್ಣು, ಬೀಜ, ಹುಳ, ಹಲ್ಲಿ, ಸತ್ತ ಪ್ರಾಣಿ, ಏನಾದರೂ ಸರಿ. ಬೇರೆ ಹಕ್ಕಿಗಳ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ, ಅದನ್ನು ಮುಚ್ಚಿಡಬಾರದು ಅಲ್ವಾ. ಕಾಡಿನಲ್ಲಿ ಕಡವೆಯ ಮೈಮೇಲೆ ಕೂತು ಉಣ್ಣಿ ಹುಳ ಹೆಕ್ಕುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಗೂಡಿನ ಕಾಲ. ಒಮ್ಮೆ ಕರ್ಕಶವಾಗಿ ಕಿರುಚುತ್ತದೆ, ಮರುಕ್ಷಣ ಇಂಪಾಗಿ ಕೂಗುತ್ತದೆ. ಎರಡೂ ಒಂದೇ ಗಂಟಲು ಅಂತ ನಂಬಲು ನನಗೆ ಜಾಸ್ತಿ ದಿನ ಬೇಕಾಯಿತು. ಘಟ್ಟದ ದಟ್ಟ ಕಾಡಿನಲ್ಲಿ ಇದರ ನೆಂಟ, ಬಿಳಿ ಹೊಟ್ಟೆಯ ಮಟಪಕ್ಷಿ, ಇದೆ. ಅದು ಪಶ್ಚಿಮ ಘಟ್ಟ ಬಿಟ್ಟರೆ ಹೆಚ್ಚುಕಡಿಮೆ ಬೇರೆಲ್ಲೂ ಸಿಗದು.

ಮಟಪಕ್ಷಿ ಇದ್ದರೆ ಮರ ಉಳಿಯುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಾಂಡದ ಆಳದಲ್ಲಿರುವ ಮರಿಗಳಿಗೆ ಅದರ ಕೊಕ್ಕು ಎಟುಕದು. ಗಾಯಕ್ಕೆ ಟಾರ್ ಬಳಿಯುವುದು, ಹುಳುವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುವುದು ನಮ್ಮ ಕೆಲಸವೇ. ಆದರೆ ಹಕ್ಕಿ ಒಂದೇ ಮರಕ್ಕೆ ಮತ್ತೆ ಮತ್ತೆ ಬಂದರೆ ಮೊದಲು ಆ ಮರದ ಕಾಂಡವನ್ನು ಬುಡದಿಂದ ನೋಡುತ್ತೇನೆ.

ಅದೇ ರೈತರು ಕಳೆದ ತಿಂಗಳು ಫೋನ್ ಮಾಡಿದ್ದರು. "ಸಾರ್, ನಾಕನೇ ಸಾಲಲ್ಲಿ ನಿಮ್ಮ ಹಕ್ಕಿ ಬಂದು ಕೂತೈತೆ. ಬೇಗ ಬನ್ನಿ."