ಮೂಲೆ ಸೇರಿದ ಯೆಜ್ಡಿಗೆ ಕಿಕ್ ಹೊಡೆಯುವ ಮುನ್ನ

ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಹಿತ್ತಿಲಲ್ಲೋ ಕೊಟ್ಟಿಗೆಯಲ್ಲೋ ಸಿಗುವ ಹಳೆಯ ಯೆಜ್ಡಿಗೆ ಏನಿಲ್ಲವೆಂದರೂ ಮೂವತ್ತು ವರ್ಷ ಹತ್ತಿರವಾಗಿರುತ್ತದೆ. ಹೊಸ ಪ್ಲಗ್ ಹಾಕಿ, ಪೆಟ್ರೋಲ್ ಸುರಿದು ಕಿಕ್ ಹೊಡೆದರೆ ಅದು ಸ್ಟಾರ್ಟ್ ಆಗಿಬಿಡಲೂಬಹುದು. ಎಷ್ಟೋ ಎಂಜಿನ್‌ಗಳು ಕೆಡುವುದು ಹೀಗೆ ಸ್ಟಾರ್ಟ್ ಆದ ಮೇಲೆಯೇ.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ತೆಗೆದು ಚಾಸಿಸ್ ನಂಬರ್, ಎಂಜಿನ್ ನಂಬರ್ ತಾಳೆ ನೋಡಿ. ತಾಳೆಯಾಗದ ಗಾಡಿಗೆ ದುಡ್ಡು ಸುರಿಯಬೇಡಿ.

ಎಂಜಿನ್ ಜಾಮ್ ಆಗಿದ್ದರೆ ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಸಮಸಮ ಬೆರೆಸಿ ಸುಮಾರು 30 ಮಿ.ಲೀ. ಒಳಗೆ ಬಿಟ್ಟು ಎರಡು ದಿನ ಹಾಗೇ ಇಡಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ನಿಧಾನವಾಗಿ ಆಡಿಸಿ. ಕಿಕ್ ಮೇಲೆ ನಿಂತು ತುಳಿದರೆ ಅದರ ಹಲ್ಲು ಹೋಗುತ್ತದೆ. ಜಗ್ಗದಿದ್ದರೆ ಹೆಡ್, ಬ್ಲಾಕ್ ಬಿಚ್ಚುವುದೇ ದಾರಿ.

ಎಲ್ಲರೂ ಬಿಟ್ಟುಬಿಡುವ ಕೆಲಸ ಕ್ರ್ಯಾಂಕ್ ಆಯಿಲ್ ಸೀಲ್‌ನದು, ಅಂದರೆ ಎಂಜಿನ್ನಿನೊಳಗೆ ತಿರುಗುವ ದಂಡದ ಎರಡೂ ಕಡೆ ಕೂರುವ ರಬ್ಬರ್ ಬಳೆಗಳದು. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು ಆಮೇಲೆ ಸಿಲಿಂಡರಿಗೆ ಹೋಗುತ್ತದೆ. ಆ ಕೋಣೆ ಗಾಳಿಯಾಡದಂತೆ ಇರಬೇಕು. ವರ್ಷಗಟ್ಟಲೆ ನಿಂತರೆ ಸೀಲಿನ ರಬ್ಬರ್ ಗಟ್ಟಿಯಾಗಿ ತುಟಿ ಬಿರಿಯುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಹೊಗೆ ಬರುತ್ತದೆ. ಕಣ್ಣಿಗೆ ಕಾಣುವುದರಿಂದ ಯಾರಾದರೂ ಎಚ್ಚರಗೊಳ್ಳುತ್ತಾರೆ. ಡೈನಮೋ ಕಡೆಯದು ಹೋದರೆ ಹೊಗೆಯೇ ಇಲ್ಲ. ಬರೀ ಗಾಳಿ ಸೇರಿ ಮಿಶ್ರಣ ತೆಳ್ಳಗಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗು ಇಳಿಯುವುದಿಲ್ಲ, ಪಿಸ್ಟನ್ ಕಾದು ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಕಾರ್ಬುರೇಟರ್ ತೆಗೆದ ಜಾಗಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿದ ತಗಡು ಬಿಗಿಯಿರಿ. ಸಾಮಾನ್ಯವಾಗಿ ಸಿಗುವ 250 ಸಿಸಿ ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಎರಡೂ ಬಾಯಿ ಮುಚ್ಚಬೇಕು. ಪ್ಲಗ್ ಹಾಕಿಯೇ ಇರಲಿ. ಸಣ್ಣ ಗೇಜ್ ಇಟ್ಟು ಕೈಪಂಪಿನಿಂದ 6 ಪಿಎಸ್‌ಐ ತುಂಬಿಸಿ, ಅದಕ್ಕಿಂತ ಹೆಚ್ಚು ಬೇಡ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋರಿಕೆಯಿದೆ. ಸೋಪಿನ ನೀರು ಹಚ್ಚಿದರೆ ಎಲ್ಲಿ ಎಂದು ಗುಳ್ಳೆಗಳೇ ತೋರಿಸುತ್ತವೆ. ಗೇರ್ ಆಯಿಲ್ ಹಾಕುವ ತೂತಿನಿಂದ ಗಾಳಿ ಬಂದರೆ ಕ್ಲಚ್ ಕಡೆಯ ಸೀಲ್ ಹೋಗಿದೆ. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದು ಹಳೆಯದಾಗಿದ್ದರೆ ಇನ್ನೊಂದೂ ಅಷ್ಟೇ ಹಳೆಯದು.

ಟ್ಯಾಂಕಿನ ತುಕ್ಕಿಗೆ ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ತುಂಬಿ, ಒಂದು ರಾತ್ರಿ ಬಿಡಿ. ಮರುದಿನ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಪೂರ್ತಿ ಒಣಗಿಸಿ, ತಕ್ಷಣ ಟೂ-ಟಿ ಆಯಿಲ್ ಸವರಿ. ತಡಮಾಡಿದರೆ ಅದೇ ಸಂಜೆಗೆ ಹೊಸ ತುಕ್ಕು ಕೂರುತ್ತದೆ. ಪೆಟ್ರೋಲ್ ಪೈಪ್, ಕಾಕ್‌ನ (ಟ್ಯಾಂಕಿನ ನಲ್ಲಿಯ) ವಾಷರ್ ಎಲ್ಲ ಹೊಸದಾಗಲಿ. ಈಗಿನ ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ನೀರನ್ನೂ ಹೀರುತ್ತದೆ. ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಕಾರ್ಬುರೇಟರ್ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ) ಕಟ್ಟಿದ ಅಂಟನ್ನು ಉಕ್ಕಿನ ತಂತಿಯಿಂದ ಕೆದಕಿದರೆ ತೂತು ದೊಡ್ಡದಾಗುತ್ತದೆ. ಕ್ಲೀನರಿನಲ್ಲಿ ನೆನೆಸಿ, ವೈರಿನೊಳಗಿನ ತಾಮ್ರದ ಒಂದೆಳೆ ಬಳಸಿ. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ತೂತಿದೆ. ಸೈಲೆನ್ಸರಿನಲ್ಲಿ ಕಣಜದ ಗೂಡು, ಏರ್ ಫಿಲ್ಟರಿನಲ್ಲಿ ಇಲಿ ತಂದಿಟ್ಟ ಹುಲ್ಲು ಸಾಮಾನ್ಯ.

ಪ್ಲಗ್ಗಿಗೆ ಕಿಡಿ ಕೊಡಲು ತೆರೆದು ಮುಚ್ಚುವ ಪಾಯಿಂಟನ್ನು ಸಣ್ಣ ಎಮರಿ ಕಾಗದದಿಂದ ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ, ಗ್ಯಾಪ್ 0.4 ಮಿ.ಮೀ. ಇಡಿ. ಪಾಯಿಂಟಿನಲ್ಲೇ ಜೋರಾಗಿ ಕಿಡಿ ಹಾರುತ್ತಿದ್ದರೆ ಅದನ್ನು ತಡೆಯಬೇಕಾದ ಕಂಡೆನ್ಸರ್ ಸತ್ತಿದೆ.

ಗೇರ್ ಆಯಿಲ್ ಬದಲಿಸಿ. ಮೊದಲ ಸಲಕ್ಕೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ ಆಯಿಲ್ ಬೇರೆ ಡಬ್ಬದಲ್ಲಿ ಬೆರೆಸಿಯೇ ಟ್ಯಾಂಕಿಗೆ ಹಾಕಿ. ಕ್ಲಚ್ ಪ್ಲೇಟುಗಳು ಅಂಟಿಕೊಂಡಿರುತ್ತವೆ. ಸ್ಟಾರ್ಟ್ ಮಾಡುವ ಮೊದಲೇ ಕ್ಲಚ್ ಲಿವರ್ ಒತ್ತಿ ಹಿಡಿದು, ಗೇರಿನಲ್ಲಿಟ್ಟು ಗಾಡಿಯನ್ನು ತಳ್ಳಿ ಬಿಡಿಸಿಕೊಳ್ಳಿ. ಎಂಜಿನ್ ಹತ್ತಿದ ಮೇಲೆ ಮೊದಲ ಕೆಲವು ನಿಮಿಷ ನೀಲಿ ಹೊಗೆ ಸಹಜ, ಒಳಗಿನ ಎಣ್ಣೆ ಸುಡುತ್ತಿರುತ್ತದೆ. ಐದಾರು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿ: ಕಂದು ಬಣ್ಣವಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಅಲ್ಲಿಗೇ ನಿಲ್ಲಿಸಿ, ಎಲ್ಲಿಂದಲೋ ಗಾಳಿ ಸೇರುತ್ತಿದೆ.

ಟೈರ್ ಗೀರು ಇಲ್ಲದೆ ಚೆನ್ನಾಗಿ ಕಂಡರೂ ನಂಬಬೇಡಿ. ಗಟ್ಟಿಯಾದ ರಬ್ಬರ್ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಟೈರ್, ಟ್ಯೂಬ್, ಬ್ರೇಕ್ ಲೈನರ್, ಮೂರು ಕೇಬಲ್ (ಕ್ಲಚ್, ಆಕ್ಸಿಲರೇಟರ್, ಮುಂದಿನ ಬ್ರೇಕ್): ಇಷ್ಟು ಹೊಸದಾಗದೆ ಆ ಮೊದಲ ಐದಾರು ಕಿಲೋಮೀಟರಿಗೂ ಗಾಡಿ ಗೇಟು ದಾಟಬಾರದು.